ಹಳದಿ ದೀಪದ ಎರಡು ಮಾತು

– ಚಿಕ್ಕಪ್ಪ, ಬೆಳಿಗ್ಗೆ ಬೆಳಿಗ್ಗೆಯೇ ಬಂದು ಅಂಗಡಿ ಬಾಗಿಲಲ್ಲಿ ನಿಂತೆ ಅಂತ ಬೇಜಾರು ಮಾಡ್ಕೋಬೇಡಿ. ಗಾಡಿ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿದೆ. ಕುದುರೆ ಲಾಳದ ಹಾಗಿದೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ.

– ಬೇಜಾರು ಎಂಥದ್ದು ಮಾರಾಯ್ತಿ? ಶಟರ್ ಎತ್ತಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿಯೂ ಆಯ್ತು. ದೀಪ ಹತ್ತಿದ್ದು ಯಾವಾಗ, ಹೇಗೆ ಹತ್ತಿತು? ಅದನ್ನ ಮೊದಲು ಹೇಳು. ಗಾಡಿ ಆಮೇಲೆ ನೋಡ್ತೀನಿ.

– ನಿನ್ನೆ ಮಧ್ಯಾಹ್ನ ಮಂಗಳೂರು ಬಿಟ್ಟೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಬರುವ ಹೊತ್ತಿಗೆ ಹತ್ತಿತು. ಗಾಡಿ ನಿಲ್ಲಿಸಿ ಸುತ್ತ ನೋಡಿದೆ, ಯಾವ ಚಕ್ರವೂ ಕೂತಿರಲಿಲ್ಲ. ಒಂದು ಪಂಕ್ಚರ್ ಅಂಗಡಿಯಲ್ಲಿ ನಾಲ್ಕಕ್ಕೂ 35 ಗಾಳಿ ಹಾಕಿಸಿದೆ. ಮೂಡಿಗೆರೆ ಬರುವುದರೊಳಗೆ ದೀಪ ಆರಿತ್ತು. ಇವತ್ತು ಆರೂವರೆಗೆ ಅಮ್ಮನನ್ನು ಕೂರಿಸಿಕೊಂಡು ಬೆಳವಾಡಿ ದೇವಸ್ಥಾನಕ್ಕೆ ಅಂತ ಹೊರಟರೆ ಅರ್ಧ ದಾರಿಯಲ್ಲಿ ಮತ್ತೆ ಹತ್ತಿತು. ಅಮ್ಮನಿಗೆ ಭಯ ಆಯ್ತು, ವಾಪಸ್ ಬಂದ್ವಿ.

– ನಿನ್ನೆ ಹತ್ತಿದ್ದು ಇವತ್ತು ಹತ್ತಿದ್ದು ಒಂದೇ ಥರಾನಾ? ಯೋಚನೆ ಮಾಡಿ ಹೇಳು, ಅವಸರ ಇಲ್ಲ.

– ಇಲ್ಲ... ಒಂದೇ ಥರ ಅಲ್ಲ. ನಿನ್ನೆ ಹತ್ತಿದ್ದು ಹತ್ತಿದ ಹಾಗೇ ನಿಂತಿತ್ತು. ಇವತ್ತು ಮೊದಲು ಮಿಣುಕು ಮಿಣುಕು ಅಂತಿತ್ತು. ಒಂದು ನಿಮಿಷ, ಇನ್ನೊಂಚೂರು ಜಾಸ್ತಿಯೇ ಇರಬಹುದು. ಆಮೇಲೆ ನಿಂತು ಉರಿಯಿತು. ಇಲ್ಲಿಗೆ ಬರುವಾಗ ಮತ್ತೆ ಕೀ ತಿರುಗಿಸಿದಾಗಲೂ ಹಾಗೇ ಮಾಡಿತು.

– ಅರ್ಧ ಕೆಲಸ ನೀನೇ ಮಾಡಿಕೊಟ್ಟೆ. ಆ ದೀಪ ಒಂದೇ ಆದರೂ ಅದು ಆಡುವುದು ಎರಡು ಮಾತು. ಹತ್ತಿ ಹಾಗೇ ನಿಂತರೆ, ಟೈರಿನಲ್ಲಿ ಗಾಳಿ ಕಡಿಮೆ ಆಗಿದೆ ಅಂತ. ಅರವತ್ತು ತೊಂಬತ್ತು ಸೆಕೆಂಡು ಮಿಣುಕಿ ಆಮೇಲೆ ನಿಂತರೆ, ಟೈರಿನ ಸುದ್ದಿ ನನಗೇ ಬರ್ತಾ ಇಲ್ಲ, ನನ್ನನ್ನ ನಂಬಬೇಡ ಅಂತ. ಮೊದಲನೆಯದು ಟೈರಿನ ಕಾಯಿಲೆ. ಎರಡನೆಯದು, ಕಾಯಿಲೆ ಹೇಳುವವನಿಗೇ ಕಾಯಿಲೆ. ಇದನ್ನ ಕೇಳದೆ ಚಕ್ರ ಬಿಚ್ಚಿದವನು ಇಡೀ ದಿನ ಸುಮ್ಮನೆ ಒದ್ದಾಡಬೇಕಾಗುತ್ತೆ.

– ಹಾಗಾದರೆ ನನ್ನ ಗಾಡಿಗೆ ಎರಡೂ ಇದೆಯಾ?

– ಇರಬಹುದು. ನಿನ್ನೆಯದು ಒಂದು, ಇವತ್ತಿನದು ಇನ್ನೊಂದು. ನೋಡೋಣ. ಮೊದಲು ಆ ಮೊಬೈಲ್ ಚಾರ್ಜರ್ ಕಿತ್ತು ಕೆಳಗಿಡು.

– ಚಾರ್ಜರಿಗೂ ಟೈರಿಗೂ ಏನು ಸಂಬಂಧ?

– ಟೈರಿನೊಳಗಿನ ಸೆನ್ಸರ್ ರೇಡಿಯೋದಲ್ಲಿ ಮಾತಾಡುತ್ತೆ. ನಮ್ಮಲ್ಲಿ 433 ಮೆಗಾಹರ್ಟ್ಸ್, ಅಮೆರಿಕದ ಗಾಡಿಗಳಲ್ಲಿ ಹೆಚ್ಚಾಗಿ 315. ಬಹಳ ಸಣ್ಣ ದನಿ. ಕೆಲವು ಅಗ್ಗದ ಚಾರ್ಜರು, ಕ್ಯಾಮೆರಾಗಳು ಆ ಜಾಗದಲ್ಲೇ ಗಲಾಟೆ ಎಬ್ಬಿಸ್ತವೆ. ಗಾಡಿಗೆ ಸೆನ್ಸರಿನ ದನಿ ಕೇಳಿಸಲ್ಲ, ಸೆನ್ಸರ್ ಸತ್ತಿದೆ ಅಂದ್ಕೊಳ್ಳುತ್ತೆ. ಕೆಟ್ಟಿಲ್ಲದ ಸೆನ್ಸರು ಬದಲಾಯಿಸಿದವರನ್ನ ನೋಡಿದ್ದೀನಿ. ಅದಕ್ಕೇ ಮೊದಲು ಇದನ್ನ ಕೀಳೋದು.

– ಕಿತ್ತಾಯ್ತು. ದೀಪ ಹಾಗೇ ಇದೆ. ಚಿಕ್ಕಪ್ಪ, ನನಗೆ ಅನ್ನಿಸಿದ್ದು ಹೇಳ್ಲಾ? ಇದೆಲ್ಲಾ ಚಳಿಯ ಕೆಲಸ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತೆ, ಕ್ಲಾಸಿನಲ್ಲಿ ಪ್ರತಿ ವರ್ಷ ಇದೇ ಪಾಠ ಮಾಡ್ತೀನಿ. ಮಂಗಳೂರಿನಲ್ಲಿ 32 ಡಿಗ್ರಿ, ಇಲ್ಲಿ ಬೆಳಿಗ್ಗೆ 15.

– ಎಷ್ಟು ಇಳಿಯುತ್ತೆ? ಲೆಕ್ಕ ಹಾಕು. ಬಾಗಿಲ ಪಕ್ಕದ ಕಂಬದ ಮೇಲೆ ಕಂಪನಿಯವರು ಅಂಟಿಸಿದ ಚೀಟಿ ಇದೆ ನೋಡು, ನಿನ್ನ ಗಾಡಿಗೆ 33 ಪಿಎಸ್‌ಐ ಅಂತ ಬರೆದಿದೆ. ಅಲ್ಲಿಂದ ಶುರು ಮಾಡು.

– 33 ಅಂದರೆ ಹೊರಗಿನ ಹವೆಯ ಒತ್ತಡಕ್ಕಿಂತ 33 ಜಾಸ್ತಿ. ಹೊರಗಿನ 14.7 ಕೂಡಿಸಿದರೆ 47.7. ಅದು 305 ಕೆಲ್ವಿನ್‌ನಲ್ಲಿ. 288ಕ್ಕೆ ಇಳಿದರೆ ಹತ್ತಿರ ಹತ್ತಿರ 45. ಅಂದರೆ ಎರಡೂಮುಕ್ಕಾಲು ಇಳಿಯಿತು. ಹತ್ತು ಡಿಗ್ರಿಗೆ ಒಂದೂವರೆ ಅಂತ ಇಟ್ಟುಕೊಳ್ಳಬಹುದು.

– 33ರಲ್ಲಿ ಎರಡೂಮುಕ್ಕಾಲು ಹೋದರೆ 30ಕ್ಕೆ ದೀಪ ಹತ್ತಬೇಕಾ? ಅಮೆರಿಕದ ಕಾನೂನು ಹೇಳುವುದು, ಚೀಟಿಯಲ್ಲಿರುವುದಕ್ಕಿಂತ ಕಾಲುಭಾಗ ಕಡಿಮೆಯಾದರೆ ಹತ್ತಲೇಬೇಕು ಅಂತ. 33ಕ್ಕೆ ಅದು 25ರ ಆಸುಪಾಸು. ಸ್ವಲ್ಪ ಮುಂಚೆ ಎಚ್ಚರಿಸುವ ಗಾಡಿಗಳೂ ಇವೆ. ಆದರೂ ಚಳಿ ಒಂದೇ ಇಷ್ಟು ಕೆಲಸ ಮಾಡಲ್ಲ. ಮೊದಲೇ ಎರಡು ಮೂರು ಕಡಿಮೆ ಇಟ್ಕೊಂಡು ಓಡಿಸೋರಿಗೆ ಚಳಿ ಕೊನೆಯ ತಳ್ಳು ಕೊಡುತ್ತೆ, ಅಷ್ಟೆ. ಅದೂ ಅಲ್ಲದೆ, ಚಳಿ ಒಂದೇ ಚಕ್ರಕ್ಕೆ ಹಿಡಿಯುತ್ತಾ? ಬಾ, ಗೇಜು ಹಿಡಿ. ನೀನೇ ನೋಡು.

– ಬಲ ಮುಂದೆ 36. ಎಡ ಹಿಂದೆ 36. ಬಲ ಹಿಂದೆ 36. ಎಡ ಮುಂದೆ... 31.

– ಈಗಷ್ಟೇ ಓಡಿ ಬಂದ ಗಾಡಿ. ಬಿಸಿಗೆ ಒಂದೆರಡು ಜಾಸ್ತಿ ತೋರಿಸುತ್ತೆ, ಅದು ಬಿಡು. ನಾಲ್ಕಕ್ಕೂ ನಿನ್ನೆ ಒಂದೇ ಕೈ, ಒಂದೇ ಪಂಪು, ಒಂದೇ 35. ನಾಲ್ಕೂ ಒಂದೇ ಚಳಿಯಲ್ಲಿ ಮಲಗಿದ್ದವು. ಮೂರು ಒಂದು ದಾರಿ, ಒಂದು ಬೇರೆ ದಾರಿ.

– ಹಾಗಾದರೆ ಎಡ ಮುಂದಿನದು ಸೋರ್ತಾ ಇದೆ. ನಿನ್ನೆ ಘಾಟಿಯಲ್ಲಿ ದೀಪ ಹೇಳಿದ್ದು ನಿಜ.

– ನೂರಕ್ಕೆ ನೂರು ನಿಜ. ಮಂಗಳೂರಿನಲ್ಲಿ ಯಾರಾದರೂ ಏನಾದರೂ ಹೇಳಿದ್ರಾ ಇದರ ಬಗ್ಗೆ?

– ಹೋದ ತಿಂಗಳು ಒಂದು ಸಲ ಹತ್ತಿ ಆರಿತ್ತು. ಅಲ್ಲಿ ಒಬ್ಬರು, ಈ ಸೆನ್ಸರುಗಳೆಲ್ಲಾ ಹೀಗೇ ಮೇಡಂ, ಸುಮ್ಮನೆ ಹತ್ತುತ್ತವೆ, ಕಿರಿಕಿರಿಯಾದರೆ ಅದರ ಮೇಲೆ ಒಂದು ಚೂರು ಕಪ್ಪು ಟೇಪ್ ಹಚ್ಚಿಬಿಡಿ ಅಂದ್ರು.

– ಟೇಪ್.

– ಕೋಪ ಬಂತಾ ಚಿಕ್ಕಪ್ಪ?

– ಕೋಪ ಅಲ್ಲ. ನಾನೂ ಹಾಗೇ ಹೇಳಿದವನು. ಎಂಟು ವರ್ಷ ಆಯ್ತು. ಈ ದೀಪದ ಬಗ್ಗೆ ಆಗ ನನಗೆ ಏನೂ ಗೊತ್ತಿರಲಿಲ್ಲ. ಎಸ್ಟೇಟಿನ ಗಾಡಿಯೊಂದು ಬಂತು, ಇದೇ ದೀಪ ಹತ್ತಿತ್ತು. ಚಕ್ರಕ್ಕೆ ಕಾಲಿನಲ್ಲಿ ಒದ್ದು ನೋಡಿದೆ, ಗಟ್ಟಿ ಇತ್ತು. ಸೆನ್ಸರ್ ಪ್ರಾಬ್ಲಮ್, ಹೋಗಿ ಅಂದೆ. ಗೇಜು ಕೂಡ ಹಿಡೀಲಿಲ್ಲ. ಈಗಿನ ಟೈರಿನ ಪಕ್ಕೆ ಗಿಡ್ಡ, ಗಡುಸು. ಅರ್ಧ ಗಾಳಿ ಹೋಗಿದ್ರೂ ಕಣ್ಣಿಗೂ ಕಾಣಲ್ಲ, ಕಾಲಿಗೂ ತಿಳಿಯಲ್ಲ. ಆ ಗಾಡಿ ಹದಿನೈದು ಕಿಲೋಮೀಟರ್ ಹೋಗುವುದರೊಳಗೆ ಪಕ್ಕೆ ಹರಿದು ಧರೆಗೆ ಗುದ್ದಿತು. ಒಳಗಿದ್ದ ಹೆಂಗಸಿನ ಕೈ ಮುರಿಯಿತು. ಯಾರೂ ನನ್ನನ್ನ ಬಂದು ಕೇಳಲಿಲ್ಲ. ಆ ಟೈರನ್ನ ಮಾತ್ರ ಇಲ್ಲಿಗೇ ತಂದು ಹಾಕಿದ್ರು. ಬಿಚ್ಚಿ ನೋಡಿದೆ. ಒಳಗೆ ಕಪ್ಪು ಪುಡಿ, ನುಣ್ಣಗೆ, ಬೀಸಿದ ಕಾಫಿಪುಡಿಯ ಹಾಗೆ. ಒಂದು ಹಿಡಿಯಷ್ಟಿತ್ತು.

– ಅದು ಎಲ್ಲಿಂದ ಬರುತ್ತೆ?

– ಟೈರಿನದ್ದೇ ರಬ್ಬರು. ಗಾಳಿ ಕಡಿಮೆ ಇದ್ದಾಗ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಕಾಯುತ್ತೆ. ಒಳಗಿನ ಪದರ ಉಜ್ಜಿ ಉಜ್ಜಿ ಪುಡಿಯಾಗುತ್ತೆ. ಹೊರಗಿನಿಂದ ಹೊಸ ಟೈರಿನ ಹಾಗೇ ಇರುತ್ತೆ. ಮಾರನೇ ತಿಂಗಳೇ ಸಾಲ ಮಾಡಿ ಈ ಕೈಟೂಲ್ ತಗೊಂಡೆ.

– ನೀವು ಇದನ್ನ ಯಾವತ್ತೂ ಹೇಳಿರಲಿಲ್ಲ.

– ಹೇಳುವ ಸಂದರ್ಭ ಬಂದಿರಲಿಲ್ಲ. ಸರಿ, ಆ ಟೂಲ್ ಕೊಡು. ಆಂಟೆನಾ ಇರುವ ತುದಿಯನ್ನ ವಾಲ್ವಿನ ಪಕ್ಕ, ಟೈರಿನ ಪಕ್ಕೆಗೆ ತಾಗಿಸಿ ಹಿಡಿ. ಈಗ ಗುಂಡಿ ಒತ್ತು.

– ಏನು ಮಾಡ್ತಾ ಇದೆ ಇದು?

– ಒಳಗೆ ಮಲಗಿರುವುದನ್ನ ಎಬ್ಬಿಸ್ತಾ ಇದೆ. ಗಾಡಿ ನಿಂತಾಗ ಸೆನ್ಸರ್ ನಿದ್ದೆ ಮಾಡುತ್ತೆ, ಬ್ಯಾಟರಿ ಉಳಿಯಲಿ ಅಂತ. ಚಕ್ರ ತಿರುಗಿದಾಗ ಎಚ್ಚರಾಗಿ ನಿಮಿಷಕ್ಕೊಂದು ಸಲ ಹಾಗೆ ಕೂಗಿ ಹೇಳುತ್ತೆ: ನನ್ನ ನಂಬರ್ ಇಂಥದ್ದು, ಒತ್ತಡ ಇಷ್ಟು, ಬಿಸಿ ಇಷ್ಟು. ನಿಂತ ಗಾಡಿಯಲ್ಲಿ ಅದನ್ನ ಎಬ್ಬಿಸೋಕೆ ಈ ಟೂಲು 125 ಕಿಲೋಹರ್ಟ್ಸ್‌ನಲ್ಲಿ ತಟ್ಟುತ್ತೆ. ಬಂತಾ?

– ಬಂತು! ಬಲ ಮುಂದಿನದು. ಎಂಟು ಅಕ್ಷರದ ನಂಬರು. ಬಿಸಿ 24. ಬ್ಯಾಟರಿ ಓಕೆ. ಒತ್ತಡ 34. ಚಿಕ್ಕಪ್ಪ, ಗೇಜಿನಲ್ಲಿ 36 ಇತ್ತಲ್ಲ?

– ಅದೊಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೆಲವು ಗಾಡಿಗಳಲ್ಲಿ ಗೇಜೂ ಸೆನ್ಸರೂ ಸರಿಯಾಗಿ ಹೊಂದುತ್ತೆ. ಕೆಲವದರಲ್ಲಿ ಯಾವಾಗಲೂ ಒಂದೂವರೆ ಎರಡು ಕಡಿಮೆ. ಗೇಜು ಸುಳ್ಳೋ ಸೆನ್ಸರ್ ಸುಳ್ಳೋ ಅಂತ ಹೊಸ ಗೇಜು ತಂದೆ. ಅದೂ ಹಾಗೇ. ಮಂಗಳೂರಿನಲ್ಲಿ ನಮ್ಮ ಸ್ನೇಹಿತನ ಅಂಗಡಿಯಲ್ಲಿ ಇದೇ ಟೂಲು ಸರಿಯಾಗಿ ಹೊಂದುತ್ತಂತೆ.

– ಮಂಗಳೂರಿನಲ್ಲಿ ಹೊಂದುತ್ತೆ, ಇಲ್ಲಿ ಹೊಂದಲ್ಲ... ಒಂದು ನಿಮಿಷ ಇರಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ. ಇಲ್ಲಿ ಹೊರಗಿನ ಹವೆಯ ಒತ್ತಡ 14.7 ಇಲ್ಲ, 13ರ ಹತ್ತಿರ. ನಿಮ್ಮ ಗೇಜು ಒಳಗಿನದ್ದಕ್ಕೂ ಹೊರಗಿನದ್ದಕ್ಕೂ ಇರುವ ಅಂತರ ಅಳೆಯುತ್ತೆ. ಅದು ಎಲ್ಲಿದ್ದರೂ ಸರಿ. ಆದರೆ ಸೆನ್ಸರ್ ಟೈರಿನೊಳಗೇ ಕೂತಿದೆ. ಹೊರಗಿನ ಹವೆ ಅದಕ್ಕೆ ಗೊತ್ತಾಗಲ್ಲ. ಅದು ಅಳೆಯುವುದು ಒಟ್ಟು ಒತ್ತಡ. 49 ಅಂತ ಅಳೆಯಿತು ಅನ್ನಿ. ಅದರಲ್ಲಿ ಇಲ್ಲಿಯ 13 ಕಳೆದರೆ 36. ಸಮುದ್ರಮಟ್ಟದ 14.7 ಕಳೆದರೆ 34.3.

– ಅಂದರೆ ಟೂಲು ಇಲ್ಲಿ ಕೂತು ಮಂಗಳೂರಿನ ಲೆಕ್ಕ ಹಾಕ್ತಾ ಇದೆ.

– ಹೌದು. ಗೇಜೂ ಸುಳ್ಳಲ್ಲ, ಸೆನ್ಸರೂ ಸುಳ್ಳಲ್ಲ. ಹೊಂದುವ ಗಾಡಿಗಳಲ್ಲಿ ಸ್ಥಳದ ಹವೆಯ ಒತ್ತಡ ಅಳೆದು ಸರಿಮಾಡಿಕೊಳ್ಳುವ ಏರ್ಪಾಡು ಇರಬೇಕು.

– ಎಂಟು ವರ್ಷದಿಂದ ತಲೆಯಲ್ಲಿ ಕೂತಿತ್ತು ಇದು. ಇನ್ನೊಂದು ಸಲ ಹೇಳು, ಬರ್ಕೊಳ್ತೀನಿ. ಸಂಜೆ ಅಂಗಡಿಯ ಹುಡುಗರಿಗೂ ಹೇಳಬೇಕು. ಇದನ್ನ ತಿಳಿಯದೆ ಸೆನ್ಸರ್ 33 ತೋರಿಸುವ ತನಕ ಗಾಳಿ ತುಂಬಿದವರು ನಾವು.

– ಎಡ ಮುಂದಿನದೂ ಉತ್ತರ ಕೊಟ್ಟಿತು. 29. ಗೇಜಿನ 31ಕ್ಕೆ ಸರಿಹೋಯ್ತು. ಎಡ ಹಿಂದಿನದೂ ಬಂತು. ಬಲ ಹಿಂದೆ... ಇಲ್ಲ. ಮತ್ತೆ ಒತ್ತಲಾ?

– ಒತ್ತು. ಚಕ್ರವನ್ನ ಅರ್ಧ ಸುತ್ತು ಮುಂದೆ ತಳ್ಳಿ ಇನ್ನೊಮ್ಮೆ ಒತ್ತು.

– ಇಲ್ಲ. ಮೂರು ಸಲ ಆಯ್ತು, ಉತ್ತರವೇ ಇಲ್ಲ.

– ಅಲ್ಲಿಗೆ ಮಿಣುಕಿದ್ದು ಇದೇ. ಗಾಡಿ ಎಷ್ಟು ವರ್ಷದ್ದು?

– ಏಳು. ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

– ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷ. ಗುಂಡಿಯಂಥ ಲಿಥಿಯಂ ಬ್ಯಾಟರಿ, ಅದರ ಸುತ್ತ ಅಂಟು ಸುರಿದು ಮುಚ್ಚಿರ್ತಾರೆ. ಗಡಿಯಾರದ ಸೆಲ್ಲಿನ ಹಾಗೆ ತೆಗೆದು ಬದಲಾಯಿಸೋಕಾಗಲ್ಲ, ಇಡೀ ಸೆನ್ಸರ್ ಬದಲಾಯಿಸಬೇಕು. ಸಾಯುವ ಬ್ಯಾಟರಿ ಮೊದಲು ಕೈಕೊಡೋದೇ ಚಳಿಯಲ್ಲಿ. ನಿನ್ನೆ ಬಿಸಿಲಿನಲ್ಲಿ ಮಾತಾಡಿದ್ದು ಇವತ್ತು ಬೆಳಿಗ್ಗೆ ಬಾಯಿ ಕಟ್ಟಿತು. ಚಳಿ ಅಂತ ನೀನು ಹೇಳಿದ್ದೂ ಅಷ್ಟರಮಟ್ಟಿಗೆ ನಿಜ.

– ಮೊದಲು ಯಾವುದು ಬಿಚ್ತೀರಿ?

– ಸೋರುವುದನ್ನ. ಸೋಪಿನ ನೀರು ತಾ. ಮೊದಲು ಟೈರಿನ ಮೈ ಮೇಲೆ, ಆಮೇಲೆ ರಿಮ್ಮಿನ ಅಂಚಿಗೆ, ಕೊನೆಗೆ ವಾಲ್ವಿಗೆ. ಮೈಯಲ್ಲಿ ಮೊಳೆ ಇಲ್ಲ. ಅಂಚೂ ಸುಮ್ಮನಿದೆ. ವಾಲ್ವ್ ಬಾಯಿ ನೋಡು.

– ಗುಳ್ಳೆ ಬರ್ತಾ ಇದೆ. ಸಾಸಿವೆ ಕಾಳಿನಷ್ಟು. ಒಡೆದ ಮೇಲೆ ಇನ್ನೊಂದು. ಮತ್ತೆ ಇನ್ನೊಂದು. ಇದರಲ್ಲಿ ರಾತ್ರಿಗೆ ನಾಲ್ಕೈದು ಇಳಿಯುತ್ತಾ?

– ಇಳಿದಿದೆಯಲ್ಲ. ಈ ಕಾಂಡದ ಮೇಲೆ ಬಿಳಿ ಪುಡಿ ಕಟ್ಟಿದೆ, ಕಂಡಿತಾ? ನಿಮ್ಮೂರಿನ ಉಪ್ಪುಗಾಳಿ ಒಂದು ಕಡೆ. ಇನ್ನೊಂದು ಕಡೆ ಯಾರೋ ಮಾಡಿದ ಕೆಲಸ. ಸೆನ್ಸರ್ ಇರುವ ವಾಲ್ವಿನ ಕಾಂಡ ಅಲ್ಯೂಮಿನಿಯಂ. ಒಳಗಿನ ವಾಲ್ವ್ ಪಿನ್ನಿಗೆ ನಿಕ್ಕಲ್ ಲೇಪ ಇರಬೇಕು. ಇದಕ್ಕೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿ, ಮೇಲೆ ಚೆಂದಕ್ಕೆ ಹಿತ್ತಾಳೆ ಮುಚ್ಚಳ ಬೇರೆ ಹಾಕಿದ್ದಾರೆ.

– ಎರಡು ಲೋಹ, ನಡುವೆ ಉಪ್ಪುನೀರು. ಅದು ಸಣ್ಣದೊಂದು ಬ್ಯಾಟರಿಯೇ ಆಗಿಬಿಡುತ್ತೆ. ಕರಗುವುದು ಅಲ್ಯೂಮಿನಿಯಂ.

– ನಾವು ಅದಕ್ಕೆ ಹಿಡ್ಕೊಂಡಿದೆ ಅಂತೀವಿ. ಈಗ ಪಿನ್ ತಿರುಗಿಸ್ತೀನಿ, ಬಹುಶಃ ಬರಲ್ಲ. ...ನೋಡಿದ್ಯಾ? ಕಾಂಡವೇ ಕಿತ್ತು ಕೈಗೆ ಬಂತು. ಭಯಪಡಬೇಡ, ಇದು ಆಗುತ್ತೆ ಅಂತ ಗೊತ್ತಿತ್ತು. ದಾರಿಯಲ್ಲಿ ಯಾರಾದರೂ ಗಾಳಿ ಹಾಕುವಾಗ ಮುರಿಯುವ ಬದಲು ಇಲ್ಲೇ ಮುರೀತು. ಐದು ರೂಪಾಯಿ ಪಿನ್ನಿನಲ್ಲಿ ಉಳಿಸಿದ್ದು ಇಷ್ಟಾಯ್ತು.

– ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಯಾಕೆ ಗೆರೆ ಹಾಕ್ತಾ ಇದ್ದೀರಿ?

– ಸೆನ್ಸರ್ ಕೂತ ಜಾಗ. ಟೈರನ್ನ ರಿಮ್ಮಿನಿಂದ ಬಿಡಿಸೋಕೆ ಈ ಮಷೀನಿನ ಅಗಲ ತೋಳು ಪಕ್ಕೆಯನ್ನ ಒತ್ತುತ್ತೆ. ಅದು ವಾಲ್ವಿನ ಹತ್ತಿರ ಒತ್ತಿದರೆ ಸೆನ್ಸರ್ ಚೂರು. ಹಳೇ ಕೈಯವರು ವಾಲ್ವ್ ಎಲ್ಲಿದೆ ಅಂತ ನೋಡೋದೇ ಇಲ್ಲ. ಬರೀ ಟ್ಯೂಬಿನ ಕಾಲದ ಅಭ್ಯಾಸ. ಗೆರೆಯಿಂದ ದೂರ ಒತ್ತಬೇಕು. ಎತ್ತುವಾಗ ಕಬ್ಬಿಣದ ಸಲಾಕೆಯೂ ಗೆರೆಯ ಹತ್ತಿರ ಸುಳಿಯಬಾರದು. ಸ್ವಲ್ಪ ಹಿಂದೆ ಸರಿ, ಬಿಡ್ತೀನಿ.

– ಅಬ್ಬ, ಎಂಥಾ ಸದ್ದು.

– ಟೈರಿನ ಅಂಚು ರಿಮ್ಮಿನಿಂದ ಬಿಟ್ಟಿತು. ಟಾರ್ಚ್ ಹಿಡಿ. ಸೆನ್ಸರ್ ಆಮೇಲೆ, ಮೊದಲು ಟೈರಿನ ಒಳಮೈ ಮೇಲೆ ಕೈಯಾಡಿಸು. ಬೆರಳು ನೋಡು.

– ಸ್ವಲ್ಪ ಧೂಳು. ಬೂದು ಬಣ್ಣ.

– ಕಪ್ಪು ಪುಡಿ ಅಲ್ಲ ತಾನೆ?

– ಅಲ್ಲ. ಪಕ್ಕೆಯ ಒಳಗೆ ಸುತ್ತಲೂ ಗೆರೆಯೂ ಇಲ್ಲ. ನುಣುಪಾಗಿದೆ.

– ದೇವರು ದೊಡ್ಡವನು. ನೀನು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ್ದು ಒಳ್ಳೇದಾಯ್ತು. ಅಲ್ಲಿಂದ ಇಲ್ಲಿಯ ತನಕ ಹಾಗೇ ಬಂದಿದ್ದರೆ ಈ ಟೈರನ್ನ ನಾನು ಮತ್ತೆ ಹಾಕ್ತಿರಲಿಲ್ಲ.

– ಸೆನ್ಸರ್ ಇಷ್ಟೇನಾ? ಬೆಂಕಿಪೊಟ್ಟಣದಷ್ಟೂ ಇಲ್ಲ.

– ಅಷ್ಟೇ. ಅದರ ಬೆನ್ನಲ್ಲಿ ಸೂಜಿ ತೂರುವಷ್ಟು ಒಂದು ತೂತು ಇದೆ. ಒತ್ತಡ ತಿಳಿಯೋದು ಅದರಿಂದ. ಪಂಕ್ಚರ್ ಆಗದಿರಲಿ ಅಂತ ಟೈರಿಗೆ ಅಂಟು ತುಂಬಿಸ್ತಾರಲ್ಲ, ಆ ಅಂಟು ಈ ತೂತಿಗೆ ಮೆತ್ತಿದರೆ ಆಮೇಲೆ ಸೆನ್ಸರ್ ಹೇಳಿದ್ದೆಲ್ಲಾ ತಪ್ಪು. ನಿನ್ನದರಲ್ಲಿ ಹಾಕಿಸಿಲ್ಲ, ಒಳ್ಳೇದು. ಈಗ ಒಂದು ಮಾತು ಕೇಳ್ತೀನಿ. ಈ ಎಡ ಮುಂದಿನ ಸೆನ್ಸರ್ ಇನ್ನೂ ಬದುಕಿದೆ. ಇದಕ್ಕೆ ಬೇರೆ ಕಾಂಡ ಹಾಕಿ ಕೂರಿಸಬಹುದು, ಖರ್ಚು ಕಡಿಮೆ. ಆದರೆ ಬಲ ಹಿಂದಿನದು ಸತ್ತಿದೆ ಅಂದರೆ ಅದರ ಜೊತೆ ಹುಟ್ಟಿದ ಉಳಿದ ಮೂರಕ್ಕೂ ಹೆಚ್ಚು ದಿನ ಇಲ್ಲ.

– ಹಾಗಾದರೆ ನಾಲ್ಕೂ ಬದಲಾಯಿಸಿಬಿಡಿ.

– ಬೇಡ. ಬಿಚ್ಚುವ ಎರಡಕ್ಕೆ ಹೊಸದು ಹಾಕೋಣ. ಉಳಿದ ಎರಡು ಟೈರು ಬರುವ ವರ್ಷ ಹೇಗೂ ಬದಲಾಯಿಸಬೇಕು, ಕಚ್ಚು ಸವೆದಿದೆ. ಆಗ ಅದರ ಜೊತೆ ಮಾಡಿಸು. ಟೈರ್ ಬಿಚ್ಚುವ ಕೂಲಿ ಎರಡು ಸಲ ಯಾಕೆ ಕೊಡ್ತೀಯ?

– ಚಿಕ್ಕಪ್ಪ, ಹೊಸ ಸೆನ್ಸರ್ ತನ್ನ ಮನೆಯದ್ದು ಅಂತ ಗಾಡಿಗೆ ಹೇಗೆ ಗೊತ್ತಾಗುತ್ತೆ? ರಸ್ತೆಯಲ್ಲಿ ಪಕ್ಕ ಹೋಗುವ ಗಾಡಿಯ ಸೆನ್ಸರೂ ಕೂಗ್ತಾ ಇರುತ್ತಲ್ಲ.

– ಅದಕ್ಕೇ ಆ ಎಂಟಕ್ಷರದ ನಂಬರು. ಗಾಡಿಯ ಕಂಪ್ಯೂಟರಿನಲ್ಲಿ ನಾಲ್ಕು ನಂಬರು ಬರೆದಿಟ್ಟಿರುತ್ತೆ. ಅದಕ್ಕೆ ಬೇರೆಯವರ ಮಾತು ಬೇಡ. ಹೊಸ ಸೆನ್ಸರ್ ಹಾಕಿದರೆ ಕಂಪ್ಯೂಟರಿಗೆ ಹೊಸ ನಂಬರ್ ಕಲಿಸಬೇಕು. ಕೆಲವು ಗಾಡಿ ಓಡಿಸ್ತಾ ಓಡಿಸ್ತಾ ತಾನೇ ಕಲಿಯುತ್ತೆ. ಕೆಲವಕ್ಕೆ ನಿಲ್ಲಿಸಿ ಚಕ್ರದಿಂದ ಚಕ್ರಕ್ಕೆ ಟೂಲ್ ಹಿಡಿದು ಕಲಿಸಬೇಕು. ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ತಂತಿ ಚುಚ್ಚಿ ಬರೆಯಬೇಕು. ಇನ್ನೂ ಸುಲಭದ ದಾರಿ ಒಂದಿದೆ. ಈ ಹೊಸ ಸೆನ್ಸರ್ ಖಾಲಿ ಸ್ಲೇಟಿನ ಹಾಗೆ, ಇದಕ್ಕೆ ಹಳೇ ನಂಬರನ್ನೇ ಬರೆದರೆ ಗಾಡಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಎಡ ಮುಂದಿನದು ಹಾಗೆ ಮಾಡಿ ಮುಗಿಸ್ತೀನಿ.

– ಸತ್ತಿರುವುದಕ್ಕೆ? ಅದು ನಂಬರ್ ಹೇಳಲ್ವಲ್ಲ.

– ಮೈ ಮೇಲೆ ಅಚ್ಚು ಹಾಕಿರ್ತಾರೆ. ಬಿಚ್ಚಿದ ಮೇಲೆ ನೋಡೋಣ. ಅಷ್ಟರಲ್ಲಿ ಇದನ್ನ ಬಿಗಿ ಮಾಡ್ತೀನಿ. ಹೊಸ ರಬ್ಬರ್ ವಾಷರು, ಹೊಸ ನಟ್ಟು, ನಿಕ್ಕಲ್ ಪಿನ್ನು. ಹಳೇ ವಾಷರು ಮತ್ತೆ ಹಾಕಬಾರದು. ಕಾಂಡದ ನಟ್ಟಿಗೆ ಈ ಚಿಕ್ಕ ಟಾರ್ಕ್ ರೆಂಚು. ಚಕ್ರದ ನಟ್ಟು ನೂರರ ಆಚೀಚೆ ನ್ಯೂಟನ್ ಮೀಟರ್ ಬಿಗಿ ಕೇಳುತ್ತೆ, ಇದಕ್ಕೆ ನಾಲ್ಕರಿಂದ ಎಂಟು. ಕೈಯಂದಾಜಿನಲ್ಲಿ ಬಿಗಿದರೆ ಒಂದೋ ಸೋರುತ್ತೆ, ಇಲ್ಲ ಕಾಂಡ ಸೀಳುತ್ತೆ. ಕೇಳಿಸ್ತಾ? ಟಕ್ ಅಂತು. ಅಲ್ಲಿಗೆ ನಿಲ್ಲಿಸಬೇಕು.

– ಈ ಸೆನ್ಸರೆಲ್ಲಾ ಮೊದಲು ಯಾರು ಶುರು ಮಾಡಿದ್ದು?

– ಕಾರಿನಲ್ಲಿ ಮೊದಲು ಬಂದದ್ದು 1986ರಲ್ಲಿ, ಪೋರ್ಷೆ 959ಕ್ಕೆ ಅಂತ ಟ್ರೈನಿಂಗಿನಲ್ಲಿ ಹೇಳಿದ್ರು. ಬಹಳ ವರ್ಷ ಅದು ಶ್ರೀಮಂತರ ಗಾಡಿಯ ಒಡವೆಯಾಗೇ ಇತ್ತು. ಎಲ್ಲರ ಗಾಡಿಗೂ ಬಂದದ್ದು ಸಾವು ನೋಡಿದ ಮೇಲೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರು ಮೇಲಿನ ಪದರ ಕಳಚಿ, ಗಾಡಿ ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2000ದಲ್ಲಿ ಲಕ್ಷಗಟ್ಟಲೆ ಟೈರು ವಾಪಸ್ ತಗೊಂಡ್ರು. ಅದೇ ವರ್ಷ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಪ್ರತಿ ಹೊಸ ಕಾರಿಗೂ ಈ ದೀಪ ಕಡ್ಡಾಯ. ಯುರೋಪಿನಲ್ಲಿ 2014ರಿಂದ. ಅಷ್ಟು ಜನರ ಪ್ರಾಣ ಹೋದ ಮೇಲೆ ಬಂದ ದೀಪಕ್ಕೆ ಟೇಪ್ ಹಚ್ಚು ಅಂದರೆ ನನಗೆ ತಡೆಯೋಕಾಗಲ್ಲ.

– ನಮ್ಮಲ್ಲಿ?

– ನಮ್ಮಲ್ಲಿ 2020ರಲ್ಲಿ ಒಂದು ನಿಯಮ ಬಂತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಈ ದೀಪದ ವ್ಯವಸ್ಥೆ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕೊಡದಿದ್ದರೂ ಆಗುತ್ತೆ ಅಂತ. ನಿನ್ನ ತಮ್ಮನ ಹೊಸ ಗಾಡಿಯ ಡಿಕ್ಕಿ ತೆರೆದು ನೋಡು, ಸ್ಟೆಪ್ನಿ ಇಲ್ಲ. ಯೋಚನೆ ಮಾಡು. ಅವನ ಗಾಡಿಯಲ್ಲಿ ಸ್ಟೆಪ್ನಿಯ ಜಾಗದಲ್ಲಿ ಕೂತಿರುವುದು ಈ ದೀಪ. ರಾತ್ರಿ ಘಾಟಿಯಲ್ಲಿ ಅವನಿಗೆ ಇರುವುದು ಇದೊಂದೇ.

– ಅವನ ಗಾಡಿಗೆ ಸೆನ್ಸರೇ ಇಲ್ಲ ಅಂತಾನೆ. ಒಂದು ಬಟನ್ ಇದೆಯಂತೆ. ದೀಪ ಹತ್ತಿದರೆ ಆ ಬಟನ್ ಒತ್ತಿ ಹಿಡಿದರೆ ಆರುತ್ತಂತೆ.

– ಅಯ್ಯೋ, ಆ ಹುಡುಗನಿಗೆ ಇವತ್ತೇ ಫೋನ್ ಮಾಡು. ಅವನದ್ದು ಬೇರೆ ಜಾತಿ. ಎಬಿಎಸ್ ಬ್ರೇಕಿಗೆ ಅಂತ ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಇರುತ್ತಲ್ಲ, ಅದನ್ನೇ ಬಳಸಿಕೊಳ್ಳುತ್ತೆ. ಗಾಳಿ ಕಡಿಮೆಯಾದ ಚಕ್ರ ಒಂದು ಕೂದಲೆಳೆಯಷ್ಟು ಗಿಡ್ಡ ಆಗುತ್ತೆ. ಗಿಡ್ಡ ಚಕ್ರ ಅದೇ ದಾರಿಗೆ ಹೆಚ್ಚು ಸುತ್ತಬೇಕು. ಆ ವ್ಯತ್ಯಾಸ ಹಿಡಿದು ದೀಪ ಹತ್ತಿಸುತ್ತೆ.

– ಹಾಗಾದರೆ ನಾಲ್ಕೂ ಒಟ್ಟಿಗೆ ನಿಧಾನಕ್ಕೆ ಇಳಿದರೆ?

– ಸರಿಯಾಗಿ ಹಿಡಿದೆ. ನಾಲ್ಕೂ ಸಮ ಇಳಿದರೆ ಹೋಲಿಸೋಕೆ ಏನಿದೆ? ಈಚಿನವು ಚಕ್ರದ ನಡುಕ ನೋಡಿ ಅದನ್ನೂ ಅಂದಾಜು ಮಾಡ್ತವಂತೆ. ಆದರೂ ತಿಂಗಳಿಗೊಮ್ಮೆ ಗೇಜು ಹಿಡಿಯೋದು ತಪ್ಪಿದ್ದಲ್ಲ. ಇನ್ನು ಆ ಬಟನ್. ಅದು ದೀಪ ಆರಿಸುವ ಬಟನ್ ಅಲ್ಲ. ನಾಲ್ಕಕ್ಕೂ ಸರಿಯಾದ ಗಾಳಿ ಹಾಕಿ, ಈಗಿರುವುದೇ ಸರಿ, ಇದನ್ನ ನೆನಪಿಟ್ಟುಕೋ ಅಂತ ಗಾಡಿಗೆ ಹೇಳುವ ಬಟನ್. ಗಾಳಿ ಇಳಿದ ಟೈರಿನಲ್ಲೇ ಒತ್ತಿದರೆ ಗಾಡಿಗೆ ತಪ್ಪನ್ನೇ ಸರಿ ಅಂತ ಕಲಿಸಿದ ಹಾಗೆ. ಆಮೇಲೆ ಅದು ಇನ್ನೂ ಕೆಳಗೆ ಇಳಿಯುವ ತನಕ ಸುಮ್ಮನಿರುತ್ತೆ. ಟೇಪಿಗಿಂತ ಕೆಟ್ಟದ್ದು ಅದು. ಟೇಪ್ ಕಿತ್ತರೆ ದೀಪ ಕಾಣುತ್ತೆ. ಇದರಲ್ಲಿ ದೀಪಕ್ಕೇ ಗೊತ್ತಿರಲ್ಲ.

– ಮಧ್ಯಾಹ್ನ ಫೋನ್ ಮಾಡ್ತೀನಿ. ಬಲ ಹಿಂದಿನದು ಬಿಚ್ಚಿದ್ರಾ? ಅಚ್ಚು ಕಾಣ್ತಾ ಇದೆಯಾ?

– ಮೊದಲ ಮೂರಕ್ಷರ ಕಾಣ್ತಾ ಇದೆ. ಉಳಿದದ್ದು ಉಜ್ಜಿ ಹೋಗಿದೆ. ಹಿಂದೆ ಯಾರೋ ಟೈರ್ ಹಾಕುವಾಗ ಸಲಾಕೆ ತಾಗಿಸಿದ್ದಾರೆ.

– ಈಗೇನು ಮಾಡೋದು? ಸಾಕೆಟ್ಟಿಗೆ ತಂತಿ ಚುಚ್ಚಬೇಕಾ?

– ಚುಚ್ಚಬಹುದು. ಅದಕ್ಕೂ ಮುಂಚೆ ಇದನ್ನೊಮ್ಮೆ ಕೇಳೋಣ. ಕೈ ಚಾಚು. ಎರಡೂ ಅಂಗೈ ನಡುವೆ ಇಟ್ಟು ಮುಚ್ಚಿಕೋ. ಹೋಗಿ ಆ ಬಿಸಿಲಿನಲ್ಲಿ ನಿಲ್ಲು. ಐದು ನಿಮಿಷ.

– ಬ್ಯಾಟರಿ ಬೆಚ್ಚಗಾಗಲಿ ಅಂತಾನಾ?

– ಒಂದೇ ಒಂದು ಮಾತಿನಷ್ಟು ಶಕ್ತಿ ಉಳಿದಿದ್ದರೆ ಸಾಕು. ಅಲ್ಲಿ, ಹೂವಿನ ಅಂಗಡಿ ಮುಂದೆ ಬಿಸಿಲು ಚೆನ್ನಾಗಿದೆ.

– ... ಚಿಕ್ಕಪ್ಪ, ಕೈ ಬೆವರಿತು. ಬರಲಾ?

– ಬಾ. ಕೈ ಬಿಚ್ಚಬೇಡ. ಬೆರಳ ಸಂದಿಯಲ್ಲಿ ಟೂಲ್ ತಾಗಿಸ್ತೀನಿ. ಒತ್ತಿದೆ. ...ಇಲ್ಲ. ಇನ್ನೊಮ್ಮೆ.

– ಬಂತು! ಬಂತು! ಮಿಂಚಿ ಹೋಯ್ತು. ಟೂಲಿನಲ್ಲಿ ಉಳೀತಾ?

– ಉಳಿಯಿತು. ಎಂಟೂ ಅಕ್ಷರ ಇದೆ. ಬ್ಯಾಟರಿ ಲೋ ಅಂತ ಅದೇ ಹೇಳ್ತಾ ಇದೆ ನೋಡು. ಮೊದಲ ಮೂರು ಅಚ್ಚಿನ ಜೊತೆ ಹೊಂದುತ್ತೆ. ಈಗ ಹೊಸದನ್ನ ಟೂಲಿನ ಪಕ್ಕ ಇಡು. ಬರೀತಾ ಇದೆ... ಆಯ್ತು.

– ಈ ಹಳೇದು ಎರಡನ್ನೂ ನಾನು ಇಟ್ಕೊಳ್ಳಲಾ? ಕ್ಲಾಸಿನಲ್ಲಿ ತೋರಿಸ್ತೀನಿ.

– ಬಲ ಹಿಂದಿನದು ತಗೊಂಡು ಹೋಗು. ಎಡ ಮುಂದಿನದು ಇನ್ನೂ ಬದುಕಿದೆ, ಅದು ಇಲ್ಲೇ ಇರಲಿ. ನಿನ್ನ ಚಕ್ರದಲ್ಲಿ ಈಗ ಅದೇ ನಂಬರಿನ ಹೊಸದು ಕೂತಿದೆ. ಒಂದೇ ನಂಬರಿನ ಎರಡು ದನಿ ಒಂದೇ ಗಾಡಿಯಲ್ಲಿ ಬೇಡ. ಎರಡೂ ಚಕ್ರ ಬ್ಯಾಲೆನ್ಸ್ ಮಾಡಿ ಹಾಕ್ತೀನಿ, ಹೊಸ ಸೆನ್ಸರಿನ ತೂಕ ಹಳೆಯದರಷ್ಟೇ ಇರಬೇಕು ಅಂತೇನಿಲ್ಲ. ನಾಲ್ಕಕ್ಕೂ ಗಾಳಿ ಸರಿಮಾಡ್ತೀನಿ. ಅಷ್ಟರಲ್ಲಿ ಕಾಫಿ ತರಿಸ್ತೀನಿ, ಕುಡಿ. ಆಮೇಲೆ ಕಡೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬಾ. ನಿಂತ ಗಾಡಿಯಲ್ಲಿ ನೋಡಿ ಸರಿಹೋಯ್ತು ಅನ್ನಬಾರದು. ಚಕ್ರ ತಿರುಗಿ, ಸೆನ್ಸರ್ ಎದ್ದು, ಗಾಡಿ ಅದನ್ನ ಕೇಳಿಸಿಕೊಳ್ಳಬೇಕು.

– ಎಷ್ಟಾಯ್ತು ಚಿಕ್ಕಪ್ಪ?

– ಸೆನ್ಸರು, ವಾಷರಿನದ್ದು ಕೊಡು. ಕೂಲಿ ಬೇಡ. ಎಂಟು ವರ್ಷದ ನನ್ನ ಲೆಕ್ಕ ಬಿಡಿಸಿದ್ದೀಯ. ನಾಳೆ ಬೆಳಿಗ್ಗೆ ಗಾಡಿ ಇನ್ನೂ ತಣ್ಣಗಿರುವಾಗ, ಹೊರಡುವ ಮುಂಚೆ, ನಾಲ್ಕಕ್ಕೂ ಗೇಜು ಹಿಡಿದು ನನಗೆ ಫೋನ್ ಮಾಡು. ಕಾರ್ ಶೆಡ್ಡಿನೊಳಗೆ ಇಡಬೇಡ. ಅಂಗಳದಲ್ಲೇ ಇಬ್ಬನಿಯಲ್ಲಿ ನಿಲ್ಲಲಿ.

–

– ಹಲೋ ಚಿಕ್ಕಪ್ಪ, ಎದ್ದಿದ್ದೀರಾ?

– ಆಗಲೇ ಎದ್ದೆ. ಎಷ್ಟಿದೆ ಚಳಿ?

– 14. ಗಾಜಿನ ಮೇಲೆಲ್ಲಾ ಇಬ್ಬನಿ. ಕೀ ತಿರುಗಿಸಿದೆ. ದೀಪ ಹತ್ತಿತು, ಮೂರು ಎಣಿಸುವುದರೊಳಗೆ ಆರಿತು. ಮಿಣುಕಲಿಲ್ಲ. ಬೈಪಾಸ್ ತನಕ ಹೋಗಿ ಬಂದೆ, ಮತ್ತೆ ಹತ್ತಲಿಲ್ಲ.

– ಗೇಜು ಹೊರಡುವ ಮುಂಚೆ ಹಿಡಿದ್ಯಾ?

– ಹೊರಡುವ ಮುಂಚೆಯೇ. ಮೂರಕ್ಕೆ 33.

– ಎಡ ಮುಂದೆ?

– ಅದೂ 33.

– ಸರಿ, ಅಮ್ಮನನ್ನ ಕೂರಿಸಿಕೋ. ಬೆಳವಾಡಿ ಪೂಜೆಗೆ ಹೊತ್ತಾಗುತ್ತೆ, ಹೊರಡು.